ಕೊಂಡಿ

ಬೆಳಗಾವಿ ದವಾಖಾನ್ಯಾಗ ಡಾಕ್ಟರು ಹೊಸ ಕೈಯಿನ ಹೆಬ್ಬೆಟ್ಟು ಒತ್ತಿದ್ರ
ಇವರು, “ಕಿರಿಬೆರಳಿಗಿ ಮುಟ್ಟಿದಂಗಾತ್ರೀ” ಅಂದ್ರು.
ಮೂರು ದಿನ ಬೇಕಾತು
ಬೆರಳುಗೋಳು ತಮ್ಮ ತಮ್ಮ ಮನಿ ಹುಡುಕಾಕ.

ಇಳಕಲ್ಲಿಗಿ ಬಂದ ರಾತ್ರಿ
ಆ ಕೈಯಾಗ ರೇಶಿಮಿ ಲಡಿ ಇಟ್ನಿ.
“ಇರಿವಿ ಹರದಂಗ.”
ಹತ್ತಿ ನೂಲು ಇಟ್ನಿ.
“ಅವಽ ಇರಿವಿ.”
ನನ್ನ ಗಲ್ಲ ಕೊಡಲಿಲ್ಲ,
ಅದಕೂ ಇರಿವಿ ಅಂದಾರಂತ.

ಈಗ ಮಗ್ಗದ ಕುಣ್ಯಾಗ ಕುಂತಾರ,
ಸೆರಗಿನ ಎಳಿಗೆ ಒಡಲಿನ ಎಳಿ ಕೊಂಡಿ ಹಾಕ್ತ.
ನುಣುಪು ಆ ಕೈಗೆ ಏನೂ ಹೇಳೂದಿಲ್ಲಂತ.
ಗಂಟು ಬಂದ್ರಷ್ಟ
ಮೊಳಕೈ ಮ್ಯಾಲ ಚುರ್ ಅಂತೈತಂತ.

ಕಂಡಿಕಿ ಸುತ್ತೂದು ಬಿಟ್ಟು ನೋಡತೇನಿ:
ಹೆಬ್ಬೆಟ್ಟು ನಿಂತೈತಿ,
ಮುಂದ ಹೋಗವಲ್ದು.

ನಿನ್ನಿ ರಾತ್ರಿ ಹಾಸಿನಾಗ
ನಾನಽ ಹಾಕಿದ ಗಂಟು ಅದು,
ಬೇಕಂತಽ.