ಪಾಕ್ಲೊನ ಮನೆಯ ಅಳತೆ

ಕೋಡಿಬಾಗ. ಸರ್ವೆ ನಂಬರು ಅಳಿಸಿಹೋಗಿದೆ.
ಟೇಪಿನ ಒಂದು ತುದಿ ಹಿಡಿದವನು
ನಮ್ಮ ಆಫೀಸಿನ ದಯಾನಂದ ಮೇತ್ರಿ,
ಇನ್ನೊಂದು ತುದಿ ನನ್ನ ಕೈಯಲ್ಲಿ.
ಪಡಸಾಲೆ: ಉದ್ದ ನಲವತ್ತೊಂದು ಅಡಿ, ಅಗಲ ಹದಿನಾರು.
ಗೋಡೆ ಚಿರೇಕಲ್ಲು, ಗಾರೆಗೆ ಕಾಳಿ ನದಿಯ ಚಿಪ್ಪಿಸುಣ್ಣ.
ಕಿಟಕಿಗೆ ಗಾಜಲ್ಲ, ಸಿಂಪಿಯ ತೆಳು ಬಿಲ್ಲೆಗಳು.
ಬೆಳಕನ್ನು ಒಳಗೆ ಬಿಡುತ್ತವೆ,
ಹೊರಗೆ ನಿಂತವರು ಯಾರೆಂದು ಹೇಳುವುದಿಲ್ಲ.
ರಾಯಭಾರಿಗಳೂ ಹಾಗೇ ಅಂತೆ, ಮೇತ್ರಿ ನಗುತ್ತಾನೆ.
ಬರೆದುಕೋ ಮಾರಾಯ, ಹದಿನಾರು.

ಊರಿಗೆ ಇದು ಪಾಕ್ಲೊನ ಮನೆ.
ಕಡತದಲ್ಲಿ ಪರದೇಶದ ಕಾನ್ಸಲ್ ಕಚೇರಿ.
ನನ್ನಜ್ಜ ಪುರ್ಸೊ ತಾಂಡೇಲನಿಗೆ
ಬೆಳಿಗ್ಗೆ ಏರಿಸಿ ಸಂಜೆ ಇಳಿಸುವ ಒಂದು ಬಟ್ಟೆ,
ತಿಂಗಳಿಗೆ ಇಪ್ಪತ್ತೆರಡು ರೂಪಾಯಿ,
ವರ್ಷಕ್ಕೊಂದು ಕೋಟು, ತೋಳು ಯಾವಾಗಲೂ ಉದ್ದ.

ಹಾಯಿ ಏರಿಸಿದ ಕೈ.
ಗಾಳಿ ನೋಡದೆ ಬಾವುಟ ಕಟ್ಟುತ್ತಿರಲಿಲ್ಲ.
ತೆಂಕಣ ಗಾಳಿ ಎದ್ದ ದಿನ
"ಇವತ್ತು ನಿಮ್ಮ ದೇಶ ಬೇಡ ಸಾಯ್ಬಾ, ಹರಿದೀತು" ಎಂದು
ಮಡಚಿ ಒಳಗಿಡುತ್ತಿದ್ದನಂತೆ.
ಕಾನ್ಸಲ್ ಒಪ್ಪುತ್ತಿದ್ದ.
ಬಂಗಡೆಯ ಮುಳ್ಳು ಬಿಡಿಸುವುದನ್ನು ಅಜ್ಜನಿಂದಲೇ ಕಲಿತವನು,
ಪೈಗಳ ಅಂಗಡಿಯಲ್ಲಿ ಉದ್ರಿ ಬರೆಸಿದವನು.
ಎರಡು ಸರಕಾರಗಳು ಮಾತು ಬಿಟ್ಟ ಮೇಲೂ
ಆ ಉದ್ರಿಯ ಪುಟ ಬಹುಕಾಲ ತೆರೆದೇ ಇತ್ತು.

ಕೋಣೆ ಎರಡು: ಹನ್ನೆರಡಕ್ಕೆ ಹದಿನಾಲ್ಕು.
ಮುದ್ರೆ ಒತ್ತುತ್ತಿದ್ದದ್ದು ಇಲ್ಲಿ.
ಮಾಜಾಳಿ ದಾಟಿ ಕಾಣಕೋಣಕ್ಕೆ ಹೋಗುವ
ಮೀನು ಬುಟ್ಟಿಯವರು, ಮದುವೆ ಮಾತಿನವರು,
ಕುಲದೇವರಿಗೆ ಹರಕೆ ಹೊತ್ತವರು.
ದೇವರು ಆಚೆ, ಭಕ್ತರು ಈಚೆ.
ಅತ್ತೆಮನೆ ಆಚೆ, ತವರು ಈಚೆ.
ಮೀನಿಗೆ ಮಾತ್ರ ಎರಡೂ ಕಡೆ ಮನೆ.

ಒಂದು ದಿನ ತಂತಿ ಬಂತು.
ದೂರದಲ್ಲೆಲ್ಲೋ ಯಾರೋ ಯಾರ ಮೇಲೋ ಸಿಟ್ಟಾಗಿದ್ದರು.
ಪೆಟ್ಟಿಗೆಗಳು ಲಾಂಚಿಗೆ ಹೋದವು.
ಕಡೆಯ ಸಲ ಬಾವುಟ ಇಳಿಸುವಾಗ
ಅಜ್ಜ ಗಾಳಿ ನೋಡಲಿಲ್ಲ.
ಗಡಿಬಿಡಿಯಲ್ಲಿ ಮೇಜಿನ ಖಾನೆಯಲ್ಲಿ ಮುದ್ರೆಯೊಂದು ಉಳಿಯಿತು,
ಚಕ್ರಕ್ಕೆ ತುಕ್ಕು ಹಿಡಿದು
ತಾರೀಖು ಆಗಸ್ಟ್ ಒಂಬತ್ತಕ್ಕೆ ನಿಂತದ್ದು.

ಆಚೆ ಕೊಟ್ಟ ಸೋದರತ್ತೆ ತಾರಾಮತಿ
ಬಾಣಂತನಕ್ಕೆಂದು ಬಂದವಳು
ಹಿಂತಿರುಗಲಾಗದೆ ನಮ್ಮ ಜಗಲಿಯಲ್ಲಿ ಕೂತಿದ್ದಳು.
ಮಗುವಿಗೆ ನಾಲ್ಕು ತಿಂಗಳು, ಅಪ್ಪ ಇನ್ನೂ ಮುಖ ನೋಡಿಲ್ಲ.
ಒಂದು ರಾತ್ರಿ ಅಜ್ಜ ದೀಪದ ಕಾಡಿಗೆಗೆ
ಕೊಬ್ಬರಿ ಎಣ್ಣೆ ಕಲಸಿ,
ಹಳೆಯ ಕಾಗದದ ಮೇಲೆ ಇಲ್ಲದ ಕಚೇರಿಯ ಮುದ್ರೆ ಒತ್ತಿದ.
ಪೊಲೆಮ್ಮಿನ ಪಹರೆಯವ ಓದಿದನಂತೆ, ಎರಡು ಸಲ.
ಮಗುವನ್ನು ನೋಡಿದ.
ಒಣ ಬಂಗಡೆ ಒಂದು ಡಜನ್ ಎಣಿಸಿಕೊಂಡ.
ಬಿದಿರಿನ ಅಡ್ಡಗಳ ಎತ್ತಿದ.

ಆಮೇಲೆ ಬಂದವರು ಎಷ್ಟು ಜನವೋ, ಅಜ್ಜಿ ಲೆಕ್ಕ ಇಡಲಿಲ್ಲ.
ನಮ್ಮ ಒಲೆಯ ಪಕ್ಕ
ಚೌತಿಗೂ ಆಗಸ್ಟ್ ಒಂಬತ್ತು,
ಶಿಗ್ಮೊಗೂ ಆಗಸ್ಟ್ ಒಂಬತ್ತು,
ಸತ್ತವರ ಹನ್ನೆರಡನೇ ದಿನಕ್ಕೆ ಓಡುವವರಿಗೂ ಅದೇ.
ಸಿಕ್ಕಿಬಿದ್ದಿದ್ದರೆ ಎರಡೂ ದೇಶದ ಜೈಲು
ಅಜ್ಜನಿಗಾಗಿ ಜಗಳವಾಡುತ್ತಿದ್ದವು.
ಅಷ್ಟರಲ್ಲಿ ಗಡಿಯೇ ಹೋಯಿತು.
ಮುದ್ರೆಯನ್ನು ಅಜ್ಜಿ ಬಹಳ ವರ್ಷ
ಉಪ್ಪಿನ ಭರಣಿಯ ಮುಚ್ಚಳಕ್ಕೆ ಭಾರವಾಗಿಟ್ಟಳು.

ಆ ಮಗು ಈಗ ನಿವೃತ್ತ ಹೆಡ್‌ಮಾಸ್ತರ.
ಶಾಲೆಗೆ ಸೇರಿಸುವಾಗ ಬೇರೆ ಕಾಗದ ಇರಲಿಲ್ಲ.
ಆಗಸ್ಟ್ ಒಂಬತ್ತಕ್ಕೆ ನಾನು ಫೋನ್ ಮಾಡಿದರೆ,
"ನಾನು ಹುಟ್ಟಿದ್ದು ಫಾಲ್ಗುಣದಲ್ಲಿ, ಆದರೂ ಆಗಲಿ" ಎನ್ನುತ್ತಾನೆ.

ಮೇತ್ರಿ ಕೇಳುತ್ತಾನೆ: ಒಡೆತನದ ಕಾಲಮ್ಮಿಗೆ ಏನು ಬರೆಯಲಿ?
ಕಡತ ದಿಲ್ಲಿಯಲ್ಲಿದೆ, ಉತ್ತರ ಬಂದಿಲ್ಲ.
ಖಾಲಿ ಬಿಡು.
ಅಂಗಳದಲ್ಲಿ ಬಾವುಟದ ಕಂಬ ನಿಂತಿದ್ದ ಕುಣಿ ಒಂದಿದೆ,
ಅದನ್ನೂ ಅಳೆ.
ಆಳ ಒಂಬತ್ತು ಇಂಚು. ನೀರು ನಿಂತಿದೆ.
ಒಳಗಿನ ಏಡಿ ಟೇಪಿನ ತುದಿ ಕಚ್ಚಿ ಹಿಡಿದಿದೆ,
ಬಿಡಲೊಲ್ಲದು.