ಕತ್ತರಿ ನಿಂತ ಹೊತ್ತು

ಹೊಸಂಗಡಿಯ ರೈಲುಗೇಟಿನಿಂದ ಈಚೆ
ಮೀನಿಗೆ ಐಸು ಒಡೆಯುವ ಅಂಗಡಿಯ ಬೆನ್ನಿಗೆ
ಹಂಚು ಮಾಡಿನ ಒಂದು ಬೀಡಿ ಬ್ರಾಂಚು.
ಹನ್ನೊಂದು ತಡ್ಪೆ, ಹನ್ನೊಂದು ಕತ್ತರಿ.
ಹನ್ನೆರಡನೆಯವಳು ನಾನು, ಪೇಪರು ಓದುವವಳು.

ಎಂಟನೇ ಕ್ಲಾಸು ಪಾಸು. ಗಂಟಲು ಗಟ್ಟಿ.
ನನಗೆ ಸಂಬಳ ಕಂಪೆನಿಯದಲ್ಲ;
ಒಬ್ಬೊಬ್ಬರೂ ದಿನಕ್ಕೊಂದು ಕಟ್ಟು ಬೀಡಿ
ನನ್ನ ಲೆಕ್ಕಕ್ಕೆಂದು ಸುರುಟುತ್ತಿದ್ದರು.
ಅವರ ಬೆರಳಿನ ಅನ್ನ ನನ್ನ ನಾಲಗೆಗೆ.

ಓದಿ ಮುಗಿದರೆ ಚರ್ಚೆ. ಅಬ್ಬಬ್ಬ, ಎಂಥ ಚರ್ಚೆ!
ತುಳುವಿನಲ್ಲಿ ಒಬ್ಬ ಎಬ್ಬಿಸಿದ್ದನ್ನು
ಮಲಯಾಳದಲ್ಲಿ ಇನ್ನೊಬ್ಬ ಮಲಗಿಸುವನು,
ಬೀಫಾತುಮ್ಮ ಬ್ಯಾರಿಯಲ್ಲಿ ಮತ್ತೆ ಎಬ್ಬಿಸುವಳು.
ಕೈ ಮಾತ್ರ ನಿಲ್ಲದು.
ಕರ್ ಕರ್ ಎಂದು ಎಲೆ ಕತ್ತರಿಸುವ ಸದ್ದು,
ಅದೇ ಹೂಂಗುಟ್ಟುವುದು, ಅದೇ ಚಪ್ಪಾಳೆ.

ಕ್ರಮಗಳಿದ್ದವು. ಯಾರೂ ಗೋಡೆಗೆ ಬರೆದದ್ದಲ್ಲ.
ಸಿಟ್ಟು ಬಂದವ ಕೈಯಲ್ಲಿದ್ದ ಕಟ್ಟು ಮುಗಿಸಿ
ಇಪ್ಪತ್ತೈದನೆಯದಕ್ಕೂ ನೂಲು ಸುತ್ತಿಯೇ ಬಾಯಿ ತೆರೆಯಬೇಕು.
(ಹದಿನೆಂಟಕ್ಕೇ ಸಿಟ್ಟು ಆರಿ
"ನಾನು ಎಂತ ಹೇಳಲಿಕ್ಕೆ ಹೊರಟದ್ದು?" ಎಂದು
ಮಾಂಕು ತಲೆ ಕೆರೆದದ್ದುಂಟು.)
ಯಾರದಾದರೂ ಚಾಪೆ ಖಾಲಿಯಿದ್ದರೆ
ಅವನ ಪಕ್ಷದ ಮೇಲೆ ಆ ದಿನ ಏರಿಹೋಗುವಂತಿಲ್ಲ.
ಎದುರು ಮಾತಾಡುವವನು ಮೊದಲು
ಮತ್ತೊಬ್ಬ ಹೇಳಿದ್ದನ್ನು ತಾನೊಮ್ಮೆ ಹೇಳಿ
"ಹೀಗೆಯೋ ನೀನು ಅಂದದ್ದು?" ಎಂದು ಕೇಳಬೇಕು.
"ಹೌದು, ಆದರೆ ಪೂರಾ ಹಾಗಲ್ಲ" ಎನ್ನುವಷ್ಟರಲ್ಲಿ
ಅರ್ಧ ಜಗಳ ನೆನೆಹಾಕಿದ ಎಲೆಯ ಹಾಗೆ
ಮೆತ್ತಗಾಗುತ್ತಿತ್ತು.

ಒಂದು ದಿನ ಕುಞಂಬು ಅಜ್ಜ ಕೇಳಿದ:
"ಮೋಳೇ, ಈ ಅಲಿಪ್ತ ಅಂದರೆ ಎಂತ?"
ಸೋಮವಾರ ಕೇಳಿದ್ದ. ಬುಧವಾರ ಕೇಳಿದ್ದ.
ಇದು ಶುಕ್ರವಾರ. ನನಗೆ ಹದಿನಾರು ವರ್ಷ.
"ನಿಮ್ಮ ತಲೆಯಲ್ಲೂ ಹೊಗೆಸೊಪ್ಪೇ ತುಂಬಿದ್ದೋ?" ಎಂದೆ.
ನಗು ಬರುತ್ತದೆಂದು ಕಾದೆ.

ಹನ್ನೊಂದು ಕತ್ತರಿ ನಿಂತವು.

ಆ ಮಾಡಿನಡಿ ಮೊದಲ ಬಾರಿಗೆ
ಐಸು ಒಡೆಯುವ ಸದ್ದು ಕೇಳಿದೆ,
ಗೇಟು ಬೀಳುವ ಗಂಟೆ ಕೇಳಿದೆ.
ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

ದೇವಕಿ ತಡ್ಪೆ ಕೆಳಗಿಟ್ಟು ಹೇಳಿದಳು: "ನನಗೂ ಗೊತ್ತಿಲ್ಲ."
ಮಾಂಕು: "ನನಗೂ."
ಬೀಫಾತುಮ್ಮ: "ನಾನು ಸುಮ್ಮನೆ ತಲೆ ಆಡಿಸಿದ್ದು."
ಹೀಗೇ ಒಬ್ಬೊಬ್ಬರಾಗಿ, ಸಾಲು ತಪ್ಪದೆ.
ಕೊನೆಗೆ ಐತಪ್ಪಣ್ಣ, ಯೂನಿಯನ್ ಮೀಟಿಂಗಿನಲ್ಲಿ
ಆ ಶಬ್ದವನ್ನು ಮೈಕಿಗೇ ಹೇಳಿದವನು,
ಕನ್ನಡಕ ತೆಗೆದು ಲುಂಗಿಯ ತುದಿಗೆ ಒರೆಸುತ್ತ:
"ನನಗೂ ಸರಿ ಗೊತ್ತಿಲ್ಲ ಮಾರಾಯ್ತಿ. ನೀನೇ ಹೇಳು."

ಸೋಮವಾರ ಹೇಳಿದ್ದನ್ನೇ ಹೇಳಿದೆ.
ಅರ್ಧಕ್ಕೆ ಬಂದಾಗ ತಿಳಿಯಿತು,
ಒಂದು ಶಬ್ದ ತೆಗೆದು ಇನ್ನೊಂದು ಶಬ್ದ ಇಡುತ್ತಿದ್ದೇನೆ,
ಒಳಗೆ ಪುಡಿಯಿಲ್ಲದ ಬೀಡಿ.
"ನನಗೂ..." ಎಂದೆ.

ಆಗ ಕುಞಂಬು ಅಜ್ಜ
ಲೇಬಲಿಗೆ ಕಲಸಿಟ್ಟ ಮೈದಾ ಅಂಟಿನಲ್ಲಿ ಬೆರಳದ್ದಿ,
ಆಚೆಗೊಂದು ಈಚೆಗೊಂದು ಎಲೆ ಇಟ್ಟು,
ನಡುವೆ ಬೆರಳಾಡಿಸಿ, ಎರಡಕ್ಕೂ ತಾಗಿಸದೆ,
"ಇದೋ?" ಎಂದ.
ಅವನು ಮರೆತು ಮರೆತು ಕೇಳಿದ್ದಲ್ಲ.
ಸಿಗುವವರೆಗೆ ಕೇಳಿದ್ದು.

ಕರ್, ಎಂದಿತು ಒಂದು ಕತ್ತರಿ.
ಯಾರದೆಂದು ತಲೆಯೆತ್ತಿ ನೋಡಲು ಧೈರ್ಯವಾಗಲಿಲ್ಲ.
ಸಂಜೆ ನನ್ನ ಲೆಕ್ಕಕ್ಕೆ ಎಂದಿನ ಹಾಗೆ ಹನ್ನೊಂದು ಕಟ್ಟು.
ಅಜ್ಜನದನ್ನು ಎಣಿಸಿದೆ. ಇಪ್ಪತ್ತಾರಿತ್ತು.
ಕಣ್ಣು ಮಂಜು, ಲೆಕ್ಕ ತಪ್ಪಿರಬೇಕು.

ಈಗ ಅಲ್ಲಿ ಟೈಲ್ಸ್ ಅಂಗಡಿ.
ಮೊನ್ನೆ ತಲಪಾಡಿ ಬಸ್ಸಿನಲ್ಲಿ ಇಬ್ಬರು
ಒಬ್ಬರ ಮಾತಿನ ಮೇಲೊಬ್ಬರು ಹತ್ತಿ ಕೂತು
ಸೀಟಿನ ಕಂಬಿ ಗುದ್ದುತ್ತಿದ್ದರು.
ನನಗೂ ಹೇಳಲಿಕ್ಕಿತ್ತು, ಖಾರವಾದದ್ದೇ,
ನಾಲಗೆಯ ತುದಿಗೆ ಬಂದೂ ಆಗಿತ್ತು.
ಕುಂಜತ್ತೂರಿನಲ್ಲಿ ಇಳಿದು ನೋಡುತ್ತೇನೆ,
ಒಂದು ಬೀಡಿಯನ್ನೂ ಕಟ್ಟದ ಈ ಬೆರಳುಗಳ ನಡುವೆ
ಟಿಕೇಟು
ಸಪೂರಕ್ಕೆ ಸುರುಟಿಕೊಂಡು, ತುದಿ ಮಡಚಿಕೊಂಡು,
ನೂಲಿಗೆ ಕಾಯುತ್ತಿದೆ.