ಇಸ್ತ್ರಿಪೆಟ್ಟಿಗಿ ಗುರುತು

ಆರು, ಆರು, ಒಂದು.
ಕುಡ್ಚಡೆ ಮುನಸಿಪಾಲ್ಟಿ ಎಣಿಕಿ ಮುಗದು
ಇವತ್ತಿಗೆ ಹನ್ನೊಂದು ದಿನ.
ಎದುರಿಗೇ ನನ್ನ ಗಾಡಿ.
ಆ ಆರು ಮಂದಿದೂ ಈ ಆರು ಮಂದಿದೂ
ಬಿಳಿ ಅಂಗಿ ನನ್ನ ಹತ್ರನ ಬರ್ತಾವು.
ಮೆಟ್ಟಿಲ ಮ್ಯಾಲ ಮಾರಿ ನೋಡದವರ ತೋಳುಗಳು
ಇಲ್ಲಿ ಒಂದರ ಮ್ಯಾಲೊಂದು ಮಲಗಿರ್ತಾವು.
ಅದಿರಿನ ಲಾರಿ ಹೋದಾಗೊಮ್ಮೆ ಕೆಂಪು ಧೂಳು.
ಕೊಡವತೀನಿ, ಒತ್ತತೀನಿ, ಮತ್ತ ಕೊಡವತೀನಿ.

ಆ ಒಂದು ಅಂದ್ರ ಕಾಯ್ತಾನ್ ಕುಲಾಸೊ,
ಸೈಕಲ್ ಪಂಚರ್ ಅಂಗಡಿಯಾತ.
ಯಾವ ಪಕ್ಷದವ್ರೂ ಕರೀಲಿಲ್ಲಂತ ಒಬ್ಬನ ನಿಂತ.
ಗುರುತು ಹಂಚಾಗ ಅವಗ ಸಿಕ್ಕದ್ದು ಇಸ್ತ್ರಿಪೆಟ್ಟಿಗಿ.
"ಮಾಚಪ್ಪ, ನಿಂದ ಕೊಡು" ಅಂತ ಬಂದ.
ಹಿತ್ತಾಳಿದು, ಅಪ್ಪ ಸವಣೂರಿಂದ ಹೊತ್ತು ತಂದದ್ದು,
ಎಂಟು ಸೇರು ಭಾರ.
ಕೆಂಡ ಇಲ್ಲದ ಅದು ವಾರ್ಡೆಲ್ಲಾ ಮೆರವಣಿಗಿ ಹೋತು,
ನಾ ಎರಡು ದಿನ ಕೈಕಟ್ಟಿ ಕುಂತೆ.
ಗೆದ್ದದ್ದು ಮೂರು ಓಟಿನಿಂದ.
ನಮ್ಮ ಮನ್ಯಾಗ ಇರೋವು ಮೂರು ಓಟು.
ಹಂಗಂತ ಅಂದ್ರ ಓಣ್ಯಾಗ ಎಲ್ಲಾರೂ
ಆ ಮೂರು ನಮ್ಮವ ಅಂತಾರ.

ಗೆದ್ದ ರಾತ್ರಿ ಅಂಗಿ ತಂದುಕೊಟ್ಟ, ತಿಳಿನೀಲಿ:
"ಸಭಾಕ್ಕ ಬೇಕು, ಮುಂಜಾನೆ ಬರ್ತೀನಿ."
ಮುಂಜಾನೆ ಅವನ ಇಲ್ಲ.
ಕರಿ ಗಾಡಿ ಒಂದು ಬಂದು ಕರಕೊಂಡು ಹೋತಂತ,
ಬಿಳಿ ಗಾಡಿ ಒಂದು ಅದನ್ನ ಹುಡುಕ್ಕೊಂಡು ಹೋತಂತ.
ಸಮುದ್ರದಂಡಿ ರೆಸಾರ್ಟ್ ಅಂತಾನ ಒಬ್ಬ,
ಘಟ್ಟ ಹತ್ತಿ ಬೆಳಗಾಂವಿ ಅಂತಾನ ಇನ್ನೊಬ್ಬ.
ಹೆಂಡ್ತಿ ಎಸ್ಪೆರಾನ್ಸಾ ಈಗ ತಾನ ಪಂಚರ್ ಹಾಕ್ತಾಳ.
ಗಂಡ ಎಲ್ಲಿ ಅಂದ್ರ
ಟ್ಯೂಬ್ ನೀರಾಗ ಮುಳಗಿಸಿ ಗುಳ್ಳಿ ನೋಡ್ತಾಳ.

ಆ ಕಡೆಯವರು ಕೇಳ್ತಾರ: ಅಂಗಿ ಒಯ್ದನೇನು?
ಈ ಕಡೆಯವರು ಕೇಳ್ತಾರ: ಅಂಗಿ ಐತೇನು?
ಒಬ್ಬ ಮುಟ್ಟಿ ನೋಡಿದ, ಇನ್ನೂ ಬಿಸಿ ಇದ್ದಂಗ.
ಮತ್ತೊಬ್ಬ ನೂರರ ಐದು ನೋಟು ಕಾಲರಿನಾಗ ಸಿಗಿಸಿ
"ಬಂದ್ರ ಮೊದಲ ನಂಗ ಹೇಳು" ಅಂದ.
ತಿರುಗಿ ಕೊಟ್ಟೆ.
ಸುಳ್ಳ್ಯಾಕ, ಮೂರು ಕೊಟ್ಟೆ.

ನನ್ನ ಗಾಡಿ ಮುಂದಿನ ಗಟಾರದ ಚಪ್ಪಡಿ
ಒಡದು ವರ್ಷ ಆತು.
ಪೆಟ್ಟಿಗಿ ಕೊಡಾಗ ಅದೊಂದನ್ನ ಕೇಳಿದ್ದೆ.
ಆಫೀಸಿನಾಗ ಹೇಳ್ತಾರ, ಚಪ್ಪಡಿಗೂ
ಬಹುಮತ ಬೇಕಂತ.

ಇವತ್ತ ಸಂಜಿ, ಯಾರೂ ಇಲ್ಲದಾಗ, ಬಂದ.
ಗಲ್ಲ ತುಂಬ್ಯಾವು.
ಮೈಯಾಗ ಸಾಬೂನಿನ ವಾಸನಿ,
ನಮ್ಮ ಪ್ಯಾಟ್ಯಾಗ ಸಿಗೂದಲ್ಲ.
ಅಂಗಿ ತೊಟ್ಟ.
ಮೂರನೇ ಗುಂಡಿ ಕೂಡಲಿಲ್ಲ.
ಉಸಿರು ಒಳಗ ಎಳಕೊಂಡ. ಕೂಡಲಿಲ್ಲ.
ಯಾರ ಕಡೆ ಅಂತ ನಾ ಕೇಳಲಿಲ್ಲ.
"ಮಾಚಪ್ಪ, ಜರಾ ಎಳದು ಒತ್ತು" ಅಂದ.

ಕೆಂಡ ಆರಿತ್ತು. ಊದಿದೆ.
ಎಳದ್ರ ಅರಿವಿ ಎಷ್ಟು ಬಂದೀತು?
ಬನಿಯನ್ನಿನಾಗ ನಿಂತು ಅವ ಕಾಯ್ತಿದ್ದ,
ಒಡದ ಚಪ್ಪಡಿ ಆ ಕಡೆ ಒಂದು ಕಾಲು,
ಈ ಕಡೆ ಒಂದು ಕಾಲು.